ಮಲಗಿದವರ ಅಳತೆ

ಯಶೋಧರಾಗೆ ತಲೆನೋವು, ಕಣ್ಣುರಿ ಶುರುವಾದಾಗ ಡಾಕ್ಟರು, "ಫೋನು ಕೆಳಗಿಡಿ, ಕೈಗೆ ಬೇರೆ ಏನಾದರೂ ಕೆಲಸ ಹಚ್ಚಿಕೊಳ್ಳಿ" ಎಂದರು. ನನ್ನ ಹೆಂಡತಿ ಹೆಚ್ಚೆಂದರೆ ಬಾಲ್ಕನಿಯಲ್ಲಿ ಕುಂಡ ಇಟ್ಟು ಮಲ್ಲಿಗೆ ಬೆಳೆಸಿಯಾಳು ಎಂದುಕೊಂಡು ನಾನು ಸುಮ್ಮನಿದ್ದೆ. ಅವಳು ಆನ್‌ಲೈನಿನಲ್ಲಿ ಚರ್ಮ ತರಿಸಿದಳು.

ಪೆಟ್ಟಿಗೆ ಬಿಚ್ಚಿದಾಗ ಮನೆಯೆಲ್ಲ ವಾಸನೆ. ಬೆಲ್ಲದ ಬಣ್ಣದ ಚರ್ಮದ ಹಾಳೆಗಳು, ಮೇಣ ಹಚ್ಚಿದ ದಾರದ ಉಂಡೆ, ಮೊಂಡು ಸೂಜಿಗಳು, ಸಾಲಾಗಿ ತೂತು ಹೊಡೆಯುವ ಹಲ್ಲಿನ ಉಳಿ, ಮರದ ಸುತ್ತಿಗೆ. ಕುರುಗೋಡಿನ ಆಫೀಸಿನಿಂದ ಬಸ್ಸಿಳಿದು ಬಂದವಳೇ ಚಹಾ ಕುಡಿದು ಕುಟ್ಟಲು ಕೂರುತ್ತಿದ್ದಳು. ಕೆಳಗಿನ ಮನೆಯ ಹಂಪಯ್ಯ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಏನ್ರಿ ಮಾರೇಶ, ದಿನಾ ಖಾರ ಕುಟ್ಟತೀರಲ್ಲ, ಮಾರಾಕ ಏನರ ಇಟ್ಟೀರೇನು?" ಎಂದು ಕೇಳಿದ. ಮೊದಲು ಹೊಲಿದದ್ದು ನನಗೊಂದು ಪಾಕೀಟು. ಅದರ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಓಲಾಡಿಕೊಂಡು ಹೋಗಿತ್ತು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ನಾನು ಯಂತ್ರಗಳ ಉಸ್ತುವಾರಿ. ಅಲ್ಲಿ ಅದನ್ನು ಜೇಬಿನಿಂದ ತೆಗೆಯಲು ನಾಚಿಕೆಯಾಗುತ್ತಿತ್ತು, ಆದರೂ ತೆಗೆಯುತ್ತಿದ್ದೆ. ಹೆಂಡತಿಯ ತಲೆನೋವು ಹೋಗಿತ್ತಲ್ಲ.

ಮನೆಯಲ್ಲಿ ಇದನ್ನೆಲ್ಲ ನೋಡಿಯೂ ನೋಡದಂತೆ ಇದ್ದವರು ನನ್ನ ಮಾವ ಮಲ್ಲಯ್ಯ ಮೇಷ್ಟ್ರು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅತ್ತೆ ತೀರಿದ ಮೇಲೆ ಬಳ್ಳಾರಿಗೆ ಬಂದು ನಮ್ಮೊಂದಿಗಿದ್ದರು. ನಮ್ಮ ಹಾಲಿನಲ್ಲಿ ಬುದ್ಧನ ಮತ್ತು ಬಾಬಾಸಾಹೇಬರ ಫೋಟೊ ಬಿಟ್ಟರೆ ಬೇರೆ ಪಟವಿಲ್ಲ, ಅದು ಅವರ ಕಟ್ಟುನಿಟ್ಟು. ಯಾರೋ ಸೀನಿದರೆಂದು ಹೊರಟವನು ಹೊಸಿಲಲ್ಲಿ ನಿಂತರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಅಪ್ಪ, ಅಜ್ಜ ಎಲ್ಲ ಚರ್ಮ ಹದ ಮಾಡಿ ಚಪ್ಪಲಿ ಹೊಲಿದವರು. ಆ ಮಾತನ್ನು ಮಾವ ಎಂದೂ ಎತ್ತುತ್ತಿರಲಿಲ್ಲ, ಎತ್ತಗೊಡುತ್ತಲೂ ಇರಲಿಲ್ಲ. ಮಗಳು ಚರ್ಮ ಬಿಡಿಸಿ ಕೂತಾಗ ಅವರು ಪೇಪರು ಹಿಡಿದು ಬಾಲ್ಕನಿಗೆ ಹೋಗುತ್ತಿದ್ದರು. ಒಂದೇ ಒಂದು ಸಲ ಹೇಳಿದರು: "ಏನರ ಮಾಡ್ಕೋ ಯಶೂ. ಕಾಲಿಗಿ ಹಾಕ್ಕೊಳ್ಳೋದು ಮಾತ್ರ ಮಾಡಬ್ಯಾಡ."

ಬೇಡ ಎಂದದ್ದನ್ನು ಮಾಡದಿದ್ದರೆ ಅವಳು ಅವರ ಮಗಳೇ ಅಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಅಂಗಡಿಯ ಚಪ್ಪಲಿ ಹಾಕಿದರೆ ಕಿರುಬೆರಳು ಉಜ್ಜಿ ಹುಣ್ಣಾಗುತ್ತಿತ್ತು, ಹಿಮ್ಮಡಿ ಬಿರಿದಿತ್ತು. ಮೆತ್ತನೆ ಚರ್ಮದ ಒಂದು ಜೊತೆ ತಾನೇ ಹೊಲಿದು ಎದುರಿಗಿಟ್ಟರೆ ಕರಗಿಯಾರು ಎಂದು ಅವಳ ಲೆಕ್ಕ. ಕೇಳಿದರೆ ಅಳತೆ ಕೊಡುವುದಿಲ್ಲ. ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ಮಾವ ಊಟ ಮಾಡಿ ಮಂಚದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುವಾಗ, ಅವರ ಅಂಗಾಲಿಗೆ ರಟ್ಟು ಹಿಡಿದು ಪೆನ್ಸಿಲಿನಿಂದ ಗೆರೆ ಎಳೆದಳು. ರಟ್ಟು ಅಲುಗದಂತೆ ಹಿಡಿದುಕೊಂಡವನು ನಾನು. ನಗು ತಡೆಯಲಾರದೆ ನನ್ನ ಕೈ ನಡುಗುತ್ತಿತ್ತು, ಅವಳು ಕಣ್ಣಲ್ಲೇ ಗದರಿದಳು. ಮಾವ ಒಮ್ಮೆ ಕಾಲು ಜಗ್ಗಿಕೊಂಡರು, ಎಚ್ಚರವಾಗಲಿಲ್ಲ.

ಚಪ್ಪಲಿ ಚೆನ್ನಾಗಿ ಬಂದವು. ನಿಜ ಹೇಳಬೇಕೆಂದರೆ ಚೆನ್ನಾಗಿ ಬಂದದ್ದೇ ನನಗೆ ಸರಿಕಾಣಲಿಲ್ಲ. ನನ್ನ ಪಾಕೀಟು ಹೊಲಿದ ಕೈ ಇದೇನಾ ಅನ್ನಿಸಿತು. ಹೊಲಿಗೆ ಅಕ್ಕಿಕಾಳು ಜೋಡಿಸಿದಂತೆ ಸಾಲಾಗಿತ್ತು, ಹೆಬ್ಬೆರಳು ತೂರುವ ಉಂಗುಟ ಅವಳು ಯಾವ ವಿಡಿಯೊದಲ್ಲೂ ನೋಡಿರದ ಒಂದು ಗಂಟಿನಲ್ಲಿ ಕೂತಿತ್ತು. "ಈ ಗಂಟು ಎಲ್ಲಿ ಕಲ್ತಿ?" ಎಂದೆ. "ಗೊತ್ತಿಲ್ರಿ. ಕೈ ತಾನ ಹೋತು" ಎಂದಳು. ಮಾವ ಆ ಜೊತೆಯನ್ನು ನೋಡಿದರು, ಬಹಳ ಹೊತ್ತು ನೋಡಿದರು. ಬೈಯಲಿಲ್ಲ, ಕಾಲಿಗೂ ಹಾಕಲಿಲ್ಲ. ಅವು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಕೂತವು.

ಅದಾದ ವಾರದೊಳಗೆ ಮಿಲ್ಲಿನ ಗೇಟಿನಲ್ಲಿ ಓಬಣ್ಣ ನನ್ನನ್ನು ನಿಲ್ಲಿಸಿದ. ಅವನು ನಮ್ಮ ವಾಚ್‌ಮನ್, ಹುಡುಗನಾಗಿದ್ದಾಗ ಮಾವನ ಕೈಲಿ ಲೆಕ್ಕ ಕಲಿತವನು.

"ಮೇಷ್ಟ್ರು ಊರಿಗಿ ಬಂದಾರಂತ ಹೇಳಬಾರದೇನ್ರಿ? ನಿನ್ನಿ ಮಧ್ಯಾನ ಕಾಲುವಿ ಏರಿ ಮ್ಯಾಲ ಹೊಂಟಿದ್ರು. ಕರದೆ, ತಿರುಗಿ ನೋಡ್ಲಿಲ್ಲ."

"ಅವರು ಬಳ್ಳಾರಿಯಾಗ ಮನಿಯೊಳಗ ಮಲಗಿದ್ರಲೇ. ಯಾರನ್ನ ನೋಡೀಯೋ."

"ನನಗ ಗುರುತು ಸಿಗಂಗಿಲ್ಲೇನ್ರಿ? ಹೊಸಾ ಚಪ್ಪಲಿ ಮೆಟ್ಟಿದ್ರು. ಕಿರ್ ಕಿರ್ ಅನ್ನಾಕ ಹತ್ತಿದ್ವು."

ಬಿಸಿಲಿಗೆ ಇವನ ತಲೆ ಕೆಟ್ಟಿದೆ ಎಂದು ಬೈದುಕೊಂಡು ಒಳಗೆ ಹೋದೆ. ಸಂಜೆ ಮನೆಗೆ ಬಂದು ನನ್ನ ಚಪ್ಪಲಿ ಬಿಡಲು ಬಾಗಿದಾಗ ಮಾವನ ಜೊತೆ ಕಣ್ಣಿಗೆ ಬಿತ್ತು. ಅಟ್ಟೆಗೆ ಎರೆಮಣ್ಣು ಮೆತ್ತಿತ್ತು, ಹಸಿ ಹಸಿಯಾಗಿ. ಮಣ್ಣಿನಲ್ಲಿ ಭತ್ತದ ಹೊಟ್ಟು ಅಂಟಿಕೊಂಡಿತ್ತು. ಬಳ್ಳಾರಿಯ ಬೇಸಿಗೆಯಲ್ಲಿ, ನಲ್ಲಿಗೇ ನೀರು ಬಾರದ ಕಾಲದಲ್ಲಿ, ಎರಡನೇ ಮಹಡಿಯ ಮನೆಗೆ ಗದ್ದೆಯ ಕೆಸರು ಎಲ್ಲಿಂದ ಬರಬೇಕು? ಯಶೋಧರಾ, "ನೀವು ಹಾಕ್ಕೊಂಡು ಹೋಗಿದ್ದಿಲ್ಲೇನು? ನಾ ಹಂಗಂತ ತಿಳ್ಕೊಂಡಿದ್ದೆ" ಎಂದಳು. ನನ್ನ ಕಾಲು ಮಾವನದಕ್ಕಿಂತ ದೊಡ್ಡದು, ಅರ್ಧಕ್ಕಿಂತ ಹೆಚ್ಚು ಒಳಗೇ ಹೋಗುವುದಿಲ್ಲ.

ಮಾವ ಮಾತ್ರ ದಿನದಿನಕ್ಕೆ ಇಳಿಯತೊಡಗಿದರು. ಮಧ್ಯಾಹ್ನ ಮಲಗಿ ಎದ್ದವರು ಮಂಚದ ಅಂಚಿನಲ್ಲಿ ಕೂತು ಮೀನಖಂಡ ಒತ್ತಿಕೊಳ್ಳುವರು. ಡಾಕ್ಟರು ರಕ್ತ ನೋಡಿದರು, ಸಕ್ಕರೆ ನೋಡಿದರು, ಹೃದಯ ನೋಡಿದರು. ಸಕ್ಕರೆ ಹತೋಟಿಯಲ್ಲಿತ್ತು, ಉಳಿದದ್ದೆಲ್ಲ ಸರಿಯಾಗಿತ್ತು. ಕಾಲು ಮಾತ್ರ ದೂರ ನಡೆದು ಬಂದವರ ಕಾಲಿನ ಹಾಗೆ ಊದಿರುತ್ತಿತ್ತು.

"ಕನಸು ಬೀಳತೈತಿ" ಎಂದರು ಒಮ್ಮೆ, ತಮಗೇ ಹೇಳಿಕೊಳ್ಳುವಂತೆ. "ಏರಿ ಮ್ಯಾಲ ನಡಕೋಂತ ಹೊಂಟಿರ್ತೀನಿ. ಚಲೋ ಗಾಳಿ. ದಿನಾ ಇನ್ನೊಂದೀಟು ಮುಂದ ಹೋಗ್ತೀನಿ."

ನನಗೆ ದೆವ್ವ ಪಿಶಾಚಿ ಆಗಿಬರುವುದಿಲ್ಲ. ಯಂತ್ರದಲ್ಲಿ ಸದ್ದು ಬಂದರೆ ಎಲ್ಲೋ ಬೇರಿಂಗ್ ಸವೆದಿದೆ ಎಂದರ್ಥ, ಹುಡುಕಿದರೆ ಸಿಗುತ್ತದೆ. ರಜೆ ಹಾಕಿದೆ. ಮಾವ ಮಲಗಿದ ಮೇಲೆ ಕುರ್ಚಿಯನ್ನು ಹಾಲಿನ ನಡುವೆ ಎಳೆದುಕೊಂಡು, ಒಂದು ಕಣ್ಣು ಅವರ ಮೇಲೆ, ಒಂದು ಕಣ್ಣು ಸ್ಟ್ಯಾಂಡಿನ ಮೇಲೆ ಇಟ್ಟು ಕೂತೆ. ಕಿಟಕಿಯಿಂದ ಬೆಟ್ಟದ ಬಂಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೆಳಗೆ ತರಕಾರಿಯವನು ಕೂಗಿಕೊಂಡು ಹೋದ. ಇಂಥ ಹೊತ್ತಿನಲ್ಲಿ ಹೆದರುವವನಿಗೆ ನಾನೇ ನಕ್ಕೇನು.

ಮಾವನ ಗೊರಕೆ ನಿಂತಿತು. ಹೊದ್ದ ಪಂಚೆಯ ಕೆಳಗೆ ಅವರ ಪಾದಗಳು ಅಲುಗತೊಡಗಿದವು. ಒಂದಾದ ಮೇಲೊಂದು, ನಿಧಾನವಾಗಿ. ಅದೇ ಹೊತ್ತಿಗೆ ಬಾಗಿಲ ಕಡೆಯಿಂದ ಸದ್ದು ಬಂತು. ಕಿರ್. ಸ್ವಲ್ಪ ತಡೆದು, ಕಿರ್. ಹೊಸ ಚರ್ಮದ ಮೇಲೆ ಭಾರ ಬಿದ್ದಾಗ ಬರುವ ಸದ್ದು. ಚಪ್ಪಲಿಗಳು ಇದ್ದಲ್ಲೇ ಇದ್ದವು, ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಂಚದ ಮೇಲೆ ಎಡಗಾಲು ಅಲುಗಿದರೆ ಎಡದ ಚಪ್ಪಲಿ ಕಿರ್ ಎನ್ನುತ್ತಿತ್ತು, ಬಲಗಾಲು ಅಲುಗಿದರೆ ಬಲದ್ದು. ಎದ್ದು ಹೋಗಿ ಒಂದರೊಳಗೆ ಕೈ ಹಾಕಿದೆ. ಈಗಷ್ಟೇ ಯಾರೋ ಕಾಲು ತೆಗೆದಂತೆ ಬೆಚ್ಚಗಿತ್ತು, ಬೆವರಿನ ಪಸೆ ಇತ್ತು. ಮಾವನನ್ನು ಹೆಸರು ಹಿಡಿದೇ ಕೂಗಿ ಎಬ್ಬಿಸಿಬಿಟ್ಟೆ, ಅಳಿಯ ಎಂಬುದು ಮರೆತು.

ಆ ಸಂಜೆಯೇ ಓಬಣ್ಣನ ಫೋನು ಬಂತು. ಈ ಸಲ ಅವನ ದನಿಯಲ್ಲಿ ಸಲಿಗೆ ಇರಲಿಲ್ಲ. "ಅಣ್ಣಾರ, ಮೇಷ್ಟ್ರನ್ನ ಮತ್ತ ನೋಡಿದೆ. ಏರಿ ಇಳಿದು ನಿಮ್ಮೋರು ಮಣ್ಣು ಕೊಡೋ ಜಾಗದ ಹಾದಿ ಹಿಡಿದಿದ್ರು. ಅರ್ಧ ಹಾದಿಯಾಗ ನಿಂತ್ರು, ಯಾರೋ ಕರದಂಗ. ಆಮ್ಯಾಲ ಕಾಣಲಿಲ್ರಿ." ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅವರು ನಿಂತದ್ದು ನಾನು ಎಬ್ಬಿಸಿದ ಗಳಿಗೆಗೆ.

ಮರುದಿನ ಯಶೋಧರಾ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕುರುಗೋಡಿನಿಂದ ತನ್ನ ಸೋದರತ್ತೆ ಜೋಗಮ್ಮನನ್ನು ಕರೆತಂದಳು. ಮಾವನ ಅಕ್ಕ, ಕಡ್ಡಿಯಂಥ ಮುದುಕಿ, ಬಾಯಿ ಜೋರು. ಬಂದವಳು ನೀರನ್ನೂ ಕುಡಿಯದೆ ಸ್ಟ್ಯಾಂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಚಪ್ಪಲಿಯನ್ನು ಮುಟ್ಟದೆ ನೋಡಿದಳು.

"ಈ ಗಂಟು ನಮ್ಮಪ್ಪನ ಗಂಟು" ಎಂದಳು. ಆಮೇಲೆ, "ಅಳತಿ ನಿಂತಾಗ ತಗೊಂಡೀಯೋ, ಮಲಗಿದಾಗೋ?"

"ಮಲಗಿದಾಗ, ಅತ್ತಿ" ಎಂದಳು ಯಶೋಧರಾ.

ಜೋಗಮ್ಮ ನೆಲಕ್ಕೆ ಕೂತುಬಿಟ್ಟಳು. "ನಿಂತೋರ ಕಾಲು ಭಾರಕ್ಕ ಅಗಲಾಕತಿ, ಅದು ಬದುಕಿದೋರ ಅಳತಿ. ಮಲಗಿಸಿ ಅಳತಿ ತಗೊಳ್ಳೋದು ಸತ್ತೋರದಷ್ಟ. ಊರಿಗೆಲ್ಲ ಕೆರ ಹೊಲದೋರು ತಮ್ಮೋರನ್ನ ಬರಿಗಾಲಾಗ ಕಳಿಸಬಾರದಂತ, ಹೆಣ ಮನಿಯಾಗ ಇದ್ದಂಗನ ಅಳತಿ ತಗೊಂಡು ಹೊಸಾವು ಹೊಲದು ಕಾಲಿಗಿ ಹಾಕಿ ಕಳಸ್ತಿದ್ರು. ಆ ಕೆರಕ್ಕ ಒಂದ ಹಾದಿ ಗೊತ್ತಿರತೈತಿ." ತಮ್ಮನ ಕಡೆ ತಿರುಗಿದಳು. "ಲೇ ಮಲ್ಲ, ಇದನ್ನ ನೀ ಮಗಳಿಗಿ ಹೇಳಿದ್ದಿಲ್ಲೇನು?"

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಅವೆಲ್ಲ ಅಜ್ಞಾನ. ನಾ ಯಾಕ ಹೇಳಲಿ?"

ಜೋಗಮ್ಮನಿಗೆ ಗೊತ್ತಿದ್ದ ಪರಿಹಾರ ಒಂದೇ. ಚಪ್ಪಲಿ ಹರಿಯುವಂತಿಲ್ಲ, ಸುಡುವಂತಿಲ್ಲ. ಅವಕ್ಕೆ ಆದದ್ದು ಕಾಲಿಗೂ ಆಗುತ್ತದೆ. ಮಾವ ಎದ್ದು ನಿಂತು, ಅಳತೆ ತೆಗೆದ ಕೈಗೇ ಹೊಸ ಅಳತೆ ಕೊಡಬೇಕು. ನಿಂತ ಅಳತೆ ಬಂದರೆ ಮಲಗಿದ ಅಳತೆ ಸುಳ್ಳಾಗುತ್ತದೆ. ಇಷ್ಟೇ. ರಟ್ಟಿನ ಮೇಲೆ ಕಾಲಿಟ್ಟು ನಿಲ್ಲುವುದು, ಚಹಾ ಆರುವುದರೊಳಗೆ ಮುಗಿಯುವ ಕೆಲಸ. ನಾನು ರಟ್ಟು ತಂದು ಅವರ ಮುಂದೆ ಹಾಸಿದೆ, ಯಶೋಧರಾ ಪೆನ್ಸಿಲು ಹಿಡಿದು ನೆಲದ ಮೇಲೆ ಕೂತಳು.

"ಏಳು" ಎಂದರು ಮಾವ ಅವಳಿಗೆ. ಅಂಥ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. "ನಮ್ಮಪ್ಪ ಗೌಡರ ಮನಿಗಿ ಅಳತಿ ತಗೊಳ್ಳಾಕ ಹೋದಾಗ ನನ್ನ ಕರಕೊಂಡು ಹೋಗತಿದ್ದ. ಅವರು ಚರ್ಮದ ಮ್ಯಾಲ ಕಾಲಿಟ್ಟು ನಿಂದ್ರೋರು. ಹಿಮ್ಮಡಿ ಸರೀಬಾರದಂತ ನಾ ನೆಲದಾಗ ಕುಂತು ಹಿಡಕೋಬೇಕು. ಗೆರಿ ಮುಗಿಯೋತನಕ ತಲಿ ಎತ್ತಂಗಿಲ್ಲ. ಅವರು ಮ್ಯಾಲಿಂದ ಏನೇನೋ ಅಂತಿದ್ರು, ಅಪ್ಪ ನಗತಿದ್ದ. ನನ್ನ ಮಗಳು ಯಾರ ಕಾಲ್ ಬುಡಕ್ಕೂ ಕುಂದ್ರಬಾರದಂತ ನಾ ಸಾಲಿ ಕಲ್ತಿದ್ದು. ನನ್ನ ಕಾಲ್ ಬುಡಕ್ಕೂ ಕುಂದ್ರಬಾರದು. ಸತ್ರ ಸಾಯ್ತೀನಿ, ತಗೀ ಅದನ್ನ."

ಯಶೋಧರಾ ಎದ್ದು ಅಡುಗೆಮನೆಗೆ ಹೋಗಿ ಅತ್ತಳು. ನನಗೆ ಸಿಟ್ಟು ಬಂತು, ರಟ್ಟನ್ನು ಎತ್ತಿ ಗೋಡೆಗೆ ಒರಗಿಸಿದೆ.

ಜೋಗಮ್ಮ ಸ್ಟ್ಯಾಂಡಿನಿಂದ ಆ ಜೊತೆಯನ್ನು ಎಳೆದು ತನ್ನ ಕಾಲಿಗೆ ಹಾಕಿಕೊಂಡಳು. ಅವಳ ಸಣ್ಣ ಪಾದಕ್ಕೆ ಅವು ದೋಣಿಗಳಂತಿದ್ದವು.

"ಖಾಲಿ ಇದ್ರ ಇವು ಇವನ್ನ ಎಳಕೊಂಡು ಹೋಗ್ತಾವು. ಇವ ನಿಂದ್ರಾಕ ಒಪ್ಪೋತನಕ ನನ್ನ ಕಾಲಾಗ ಇರಲಿ" ಎಂದಳು. "ಅಕ್ಕಾ, ಹುಚ್ಚಾಟ ಮಾಡಬ್ಯಾಡ" ಎಂದರು ಮಾವ. "ಅಜ್ಞಾನ ಅಂದ್ಯಲ್ಲಪ್ಪ. ಅಜ್ಞಾನ ಆದ್ರ ನನಗೊಂದು ಜೊತಿ ಹೊಸಾ ಚಪ್ಪಲಿ ಬಂತು" ಎಂದು ನಕ್ಕಳು. ಮೆಟ್ಟಿಲಿಳಿಯುವಾಗ ಅವು ಪಟಪಟ ಬಡಿದುಕೊಳ್ಳುತ್ತಿದ್ದವು. ಕುರುಗೋಡಿನ ಬಸ್ಸು ಹತ್ತಿಸಿ ಬಂದೆ.

ಅವತ್ತಿನಿಂದ ಮಾವ ಚೇತರಿಸಿಕೊಂಡರು. ಊತ ಇಳಿಯಿತು, ಕನಸು ನಿಂತಿತು, ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. "ಡಾಕ್ಟ್ರು ಮಾತ್ರಿ ಬದಲ ಮಾಡ್ಯಾರಲ್ಲ" ಎಂದರು ನನ್ನ ಮುಖ ನೋಡದೆ. ನಾನು ನಂಬಬೇಕೆಂದು ಬಹಳ ಕಷ್ಟಪಟ್ಟೆ.

ಓಬಣ್ಣ ಆಮೇಲೆ ಗೇಟಿನಲ್ಲಿ ನನ್ನನ್ನು ಕಂಡಾಗ ಮೊದಲು ಬೇರೇನೋ ಮಾತಾಡಿದ. ಬೀಡಿ ಆರಿಸಿ, "ಏರಿ ಮ್ಯಾಲ ಈಗ ಒಬ್ಬ ಮುದುಕಿ ಹೊಂಟಿರ್ತಾಳ್ರಿ, ಹಗಲೊತ್ತನ್ಯಾಗ. ಯಾರಂತ ಗೊತ್ತಿಲ್ಲ. ಚಪ್ಪಲಿ ಮಾತ್ರ ಅವ. ಮೇಷ್ಟ್ರವ" ಎಂದ. "ಕಾಲಿಗಿ ದೊಡ್ಡವೇನು?" ಎಂದು ಕೇಳಿದೆ. "ಇಲ್ರಿ. ಅಕೀಗೇ ಹೊಲದಂಗ ಅದಾವು."

ಅಂದು ಊಟಕ್ಕೆ ಕೂತಾಗ ಇದ್ದದ್ದನ್ನು ಇದ್ದಂತೆ ಮಾವನಿಗೆ ಹೇಳಿದೆ. ಅವರು ಕೈತೊಳೆದು ಎದ್ದು ಅಕ್ಕನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಜೋಗಮ್ಮನ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಮೀನಖಂಡ ಸೆಳೀತಾವು, ಅಷ್ಟ. ಈಗ ಸರಿಯಾಗಿ ಕುಂತಾವ ನೋಡು ಕಾಲಿಗಿ. ಬಿಚ್ಚಾಕ ನೋಡಿದ್ರ ಬರವಲ್ವು." ಮಾವ ಫೋನಿಟ್ಟರು. "ಮುಪ್ಪಿನ್ಯಾಗ ಎಲ್ಲಾರ ಕಾಲೂ ಊದತಾವು" ಎಂದು ಗೋಡೆಗೆ ಹೇಳಿದರು. ಆಮೇಲಿನ ದಿನಗಳಲ್ಲಿ ಬಾಲ್ಕನಿಯಲ್ಲಿ ಕೂತು ತಮ್ಮ ಪಾದಗಳನ್ನೇ ನೋಡುವರು. ಯಶೋಧರಾ ಜೋಗಮ್ಮನನ್ನು ನೋಡಲು ಹೋಗಿ ಬಂದವಳು ಹೇಳಿದಳು: ಅತ್ತಿ ಗೋಡೆಗೆ ಒರಗಿಯೇ ನಿದ್ದೆಗೆ ಜಾರುತ್ತಾರೆ, ಕಾಲು ಅಲುಗಿಸುತ್ತಿರುತ್ತಾರೆ. ಮಾವ ಕೇಳಿಸಿಕೊಂಡರು. ಅಂದೂ ಅಳತೆಗೆ ಏಳಲಿಲ್ಲ.

ಎದ್ದದ್ದು ಭಾನುವಾರ ಬೆಳಿಗ್ಗೆ. ನಾನು ಹಲ್ಲುಜ್ಜುತ್ತಿದ್ದೆ. ಊಟದ ಟೇಬಲ್ಲಿನ ಮೇಲಿನ ಉಪ್ಪಿನಕಾಯಿ ಬಾಟಲಿ, ನೀರಿನ ಜಗ್ಗು, ಎಲ್ಲವನ್ನೂ ಅವರು ಒಂದೊಂದಾಗಿ ಕೆಳಗಿಳಿಸುತ್ತಿದ್ದರು. "ರಟ್ಟು ತಗೊಂಡ ಬಾ" ಎಂದರು ಮಗಳಿಗೆ. ಟೇಬಲ್ಲಿನ ಮೇಲೆ ಹಾಸಿಸಿದರು. ನನ್ನ ಹೆಗಲು ಹಿಡಿದು ಮೊದಲು ಕುರ್ಚಿ ಹತ್ತಿದರು, ಅಲ್ಲಿಂದ ಟೇಬಲ್ಲು. ಫ್ಯಾನು ತಲೆಗೆ ಬಡಿದೀತೆಂದು ನಾನು ಓಡಿ ಆಫ್ ಮಾಡಿ ಬಂದೆ. ಆ ಎತ್ತರದಲ್ಲಿ ಪಂಚೆ ಉಟ್ಟ ಗಣಿತದ ಮೇಷ್ಟ್ರು ನಿಂತದ್ದು ಬೇರೆ ದಿನವಾಗಿದ್ದರೆ ನಗೆಪಾಟಲಾಗುತ್ತಿತ್ತು.

"ನೀ ನೆಲಕ್ಕ ಕುಂದ್ರಬ್ಯಾಡ" ಎಂದರು ಯಶೋಧರಾಗೆ. "ನಿಂತು ಎಳಿ. ತಲಿ ಎತ್ತಿ ನನ್ನ ನೋಡಕೋಂತ ಎಳಿ."

ಅವರ ಪಾದಗಳು ಅವಳ ಸೊಂಟದ ಮಟ್ಟಕ್ಕಿದ್ದವು. ಅವಳು ನೇರ ನಿಂತು, ಎಡಗಾಲಿನ ಹಿಮ್ಮಡಿಯಿಂದ ಪೆನ್ಸಿಲು ಶುರುಮಾಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಪೆನ್ಸಿಲು ಮಾತ್ರ ನಿಲ್ಲಲಿಲ್ಲ. ಸೋಫಾದ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಗೆರೆ ನಡುವೆ ನಿಲ್ಲಿಸಬಾರದೆಂದು ಯಾರೂ ಅತ್ತ ನೋಡಲಿಲ್ಲ. ಪೆನ್ಸಿಲು ಬೆರಳುಗಳನ್ನು ಸುತ್ತಿ ಬಂದು ಹಿಮ್ಮಡಿಯಲ್ಲಿ ಕೂಡಿತು. ಫೋನು ಮತ್ತೆ ಹೊಡೆದುಕೊಂಡಾಗ ನಾನು ಒಂದು ಕೈಯಿಂದ ಮಾವನನ್ನು ಹಿಡಿದು ಇನ್ನೊಂದು ಕೈ ಚಾಚಿ ಎತ್ತಿಕೊಂಡೆ.

ಜೋಗಮ್ಮನ ಪಕ್ಕದ ಮನೆಯ ಅಕ್ಕನಾಗಮ್ಮ. "ಯವ್ವಾ ಯಶೋಧರಾ, ಲಗೂನ ಬರ್ರಿ. ಚಾ ಕೊಡಾಕ ಹೋಗಿದ್ದೆ, ಗ್ವಾಡಿಗಿ ಒರಗಿ ಕುಂತಾಳ, ಮಾತಿಲ್ಲ, ಮೈ ತಣ್ಣಗ ಆಗೈತಿ. ಕಾಲು ನೋಡಿದ್ರ ಮೊಣಕಾಲತನಕ ಹಸಿ ಮಣ್ಣು."

ಅಷ್ಟು ಹತ್ತಿರದಲ್ಲಿ ಅವಳ ದನಿ ಇಬ್ಬರಿಗೂ ಕೇಳಿತ್ತು. ನನಗೆ ಮಾವನ ಮೇಲೆ ಕೆಂಡದಂಥ ಸಿಟ್ಟು ಬಂತು. ನಿನ್ನೆ ಹತ್ತಿದ್ದರೆ ಆಗುತ್ತಿರಲಿಲ್ಲವೇ ಈ ಟೇಬಲ್ಲು? ತಲೆ ಎತ್ತಿ ನೋಡಿದೆ. ಅವರ ಬಾಯಿ ತೆರೆದಿತ್ತು, ಉಸಿರು ಮೇಲಕ್ಕೆ ಹೋದದ್ದು ಇಳಿಯಲು ಒದ್ದಾಡುತ್ತಿತ್ತು. ಸಿಟ್ಟು ನನ್ನೊಳಗೇ ಉಳಿಯಿತು.

"ಇಳೀರಿ ಅಪ್ಪಾ" ಎಂದಳು ಯಶೋಧರಾ. "ಇನ್ನ ಯಾಕ? ಕುರುಗೋಡಿಗಿ ಹೋಗೂಣು."

ಮಾವ ಇಳಿಯಲಿಲ್ಲ. ಬಲಗಾಲನ್ನು ಎಳೆದು ರಟ್ಟಿನ ಖಾಲಿ ಜಾಗದ ಮೇಲಿಟ್ಟರು.

"ಇನ್ನೊಂದು ಕಾಲು ಐತಿ. ತಗೋ" ಎಂದರು. "ನಾ ನಿಂದ್ರಲಿ ಅಂತನ ಅಕ್ಕ ಹೋಗ್ಯಾಳ."

ಅವಳು ಕಣ್ಣೊರೆಸಿಕೊಂಡು ಪೆನ್ಸಿಲು ಹಿಡಿದಳು. ಮಾವ ಎರಡೂ ಕೈಗಳನ್ನು ನನ್ನ ಹೆಗಲಿಗೆ ಕೊಟ್ಟು, ಇದ್ದಬದ್ದ ಭಾರವನ್ನೆಲ್ಲ ಹಾಕಿ ನಿಂತರು. ಗೆರೆ ಕೂಡುವ ತನಕ ನಾನು ಅಲುಗಲಿಲ್ಲ.